ಇಪ್ಪತ್ತು ಕಾರುಗಳ ಮೇಸ್ತ್ರಿ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ಬರೆದರೂ ಮಾಲೂರಿನ ನಮ್ಮ ಶೆಡ್ಡಿನಲ್ಲಿ ಅರ್ಧ ಜನಕ್ಕೆ ಅದು ಯಾರ ಹೆಸರೆಂದು ತಿಳಿಯಲಿಕ್ಕಿಲ್ಲ. ಅಲ್ಲಿದ್ದಷ್ಟು ವರ್ಷವೂ ಅವರು ಎಲ್ಲರಿಗೂ ಮೇಸ್ತ್ರಿ. ಮುಂಬಯಿಯಿಂದ ಬರುತ್ತಿದ್ದ ಡ್ರೈವರೊಬ್ಬ ಅದನ್ನೇ ಹುಟ್ಟುಹೆಸರೆಂದು ತಿಳಿದು ಒಂದು ಸೀಸನ್ ಪೂರ್ತಿ ‘ಮಿಸ್ಟರ್ ಮೇಸ್ತ್ರಿ’ ಎಂದು ಕರೆದ. ಇವರು ತಿದ್ದಲಿಲ್ಲ.

“ಮರ್ಯಾದೆ ಕೊಡ್ತಾವ್ನೆ, ಬ್ಯಾಡ ಅನ್ನೋಕಾಗ್ತದಾ?” ಎಂದರು.

ತಾವು ಮಾತ್ರ ಯಾರನ್ನೂ ಹೆಸರಿನಿಂದ ಕರೆಯುತ್ತಿರಲಿಲ್ಲ, ಊರಿನಿಂದ ಕರೆಯುತ್ತಿದ್ದರು. ನಾನು ಹುತ್ತೂರಮ್ಮ. ವೆಲ್ಡಿಂಗ್ ಮಾಡುವವನು ಟೇಕಲ್ಲು. ಮ್ಯಾನೇಜರು ‘ಬೆಂಗ್ಳೂರ್ ಸಾರು’. ಅವರ ಸ್ವಂತ ಊರು ಆವನಿಯ ಹತ್ತಿರದ ಒಂದು ಹಳ್ಳಿ. ಭಾನುವಾರ ಮುಳಬಾಗಿಲು ಬಸ್ಸು ಹಿಡಿದು ಹೋದರೆ ಸೋಮವಾರ ಬೆಳಗ್ಗೆ ನಾವೆಲ್ಲ ಬರುವ ಹೊತ್ತಿಗೆ ಶೆಡ್ಡಿನ ಬಾಗಿಲು ತೆರೆದು, ಒಂದು ಚೀಲ ಟೊಮ್ಯಾಟೋವನ್ನು ನನ್ನ ಮೇಜಿನ ಮೇಲಿಟ್ಟಿರುತ್ತಿದ್ದರು. “ಎಲ್ರಿಗೂ ಹಂಚು. ಮಂಡೀಲಿ ಕೇಳೋರಿಲ್ಲ, ಮನೇಲಿ ತಿನ್ನೋರಿಲ್ಲ.”

ಶೆಡ್ಡು ಎಂದರೆ ಏನೆಂದು ಹೇಳಬೇಕು. ಮಾಲೂರಿನ ಹಳೆಯ ಹೆಂಚಿನ ಕಾರ್ಖಾನೆಯೊಂದರ ಗೋದಾಮು. ಅದರೊಳಗೆ ಇಪ್ಪತ್ತು ಸ್ಪೋರ್ಟ್ಸ್ ಕಾರುಗಳು ಎರಡು ಸಾಲಾಗಿ ನಿಂತಿರುತ್ತಿದ್ದವು. ಎಲ್ಲವೂ ಒಂದೇ ಕಂಪನಿಯವು, ಒಂದೇ ಮಾದರಿಯವು. ಬಣ್ಣ ಮತ್ತು ನಂಬರು ಬಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರಲೇಬಾರದು ಎಂಬುದೇ ಆ ಚಾಂಪಿಯನ್‌ಶಿಪ್ಪಿನ ಮೊದಲ ನಿಯಮ. ದೇಶದ ನಾನಾ ಕಡೆಯಿಂದ ಬಂದ ಇಪ್ಪತ್ತು ಜನ ಸೀಸನ್ನಿನ ಆರಂಭದಲ್ಲಿ ಚೀಟಿ ಎತ್ತುತ್ತಾರೆ. ಯಾವ ನಂಬರು ಬಂತೋ ಆ ಕಾರು ವರ್ಷವಿಡೀ ಅವರದು. ನಾಲ್ಕು ರೌಂಡು, ರೌಂಡಿಗೆ ಮೂರು ರೇಸು, ಒಂದು ರೌಂಡು ಕೊಯಮತ್ತೂರಿನ ಕಡೆ, ಉಳಿದವು ಚೆನ್ನೈ ಹತ್ತಿರ. ಪ್ರತಿ ರೌಂಡು ಮುಗಿದ ಮೇಲೆ ಕಾರುಗಳು ಲಾರಿ ಹತ್ತಿ ಮಾಲೂರಿಗೆ ವಾಪಸು ಬರುತ್ತಿದ್ದವು. ಅವನ್ನು ಬಿಚ್ಚಿ, ತೊಳೆದು, ಅಳೆದು, ಜೋಡಿಸಿ, ಇಪ್ಪತ್ತನ್ನೂ ಮತ್ತೆ ಒಂದೇ ಸಮ ಮಾಡಿ ಕಳಿಸುವುದು ಮೇಸ್ತ್ರಿ ಮತ್ತು ಅವರ ಕೈಕೆಳಗಿನ ಎಂಟು ಜನರ ಕೆಲಸ. ನಾನು ಸ್ಟೋರಿನವಳು. ಕೋಲಾರದಲ್ಲಿ ಡಿಪ್ಲೊಮಾ ಮುಗಿಸಿ, ಹುತ್ತೂರಿನಿಂದ ದಿನವೂ ಹೋಗಿ ಬಂದು ಮಾಡುತ್ತಿದ್ದೆ. ಯಾವ ಕಾರಿಗೆ ಯಾವ ಬೋಲ್ಟು ಹೋಯಿತು, ಯಾವ ಹಳೇ ಭಾಗ ಬಂತು ಎಂಬುದೆಲ್ಲ ನನ್ನ ಕೈಯಲ್ಲೇ ಹಾದು ಹೋಗಬೇಕಿತ್ತು.

ಮೇಸ್ತ್ರಿ ಈ ಕೆಲಸಕ್ಕೆ ಬಂದ ಕತೆಯನ್ನು ಅವರಿಂದಲೇ ಕೇಳಿದ್ದೇನೆ. ಅದಕ್ಕೆ ಮುಂಚೆ ಅವರು ಮುಳಬಾಗಿಲಿನ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದರು. ಒಂದು ದಿನ ಚೆನ್ನೈಗೆ ಹೋಗುತ್ತಿದ್ದ ಉದ್ದನೆಯ ಲಾರಿಯೊಂದು ಅಲ್ಲೇ ಕೆಟ್ಟು ನಿಂತಿತು. ಇವರು ಲಾರಿಯ ಕೆಳಗಿನಿಂದ ಎದ್ದು ಬಂದವರು ಮೇಲಿದ್ದ ಕಾರುಗಳನ್ನು ನೋಡಿ, “ಎಲ್ಲಾ ಒಂದೇ ಥರ ಯಾಕವೆ?” ಎಂದು ಕೇಳಿದರಂತೆ. ಜೊತೆಗಿದ್ದ ಮ್ಯಾನೇಜರು ವಿವರಿಸಿದರು: ಗಾಡಿ ಎಲ್ಲ ಒಂದೇ ಆದರೆ ಗೆದ್ದವನು ಗಾಡಿಯಿಂದ ಗೆದ್ದ ಅನ್ನಲಿಕ್ಕಾಗುವುದಿಲ್ಲ, ಓಡಿಸಿದ್ದರಿಂದಲೇ ಗೆದ್ದ ಅನ್ನಬೇಕಾಗುತ್ತದೆ.

“ಅಂದ್ರೆ ಮನುಷ್ಯನ್ನ ಅಳೆಯೋ ತಕ್ಕಡಿ ಅನ್ನಿ,” ಎಂದರಂತೆ ಇವರು. “ಅದನ್ನ ಸಮಕ್ಕೆ ಇಡೋರು ಯಾರವ್ರೆ ನಿಮ್ಹತ್ರ?”

ಮ್ಯಾನೇಜರು ಇವರ ಫೋನ್ ನಂಬರು ಬರೆದುಕೊಂಡರು. ಮುಂದಿನ ತಿಂಗಳು ಇವರು ಮಾಲೂರಿನಲ್ಲಿದ್ದರು.

ಕುಳ್ಳನೆಯ ಆಳು, ನರೆತ ಮೀಸೆ, ಹೆಗಲ ಮೇಲೆ ಚೌಕಳಿ ಟವಲ್ಲು. ಕಾರಿನ ಪಕ್ಕ ಹಾಯುವಾಗ ಅದರ ಹಿಂಭಾಗವನ್ನು ಅಂಗೈಯಿಂದ ಒಮ್ಮೆ ಅದುಮಿ ಬಿಡುತ್ತಿದ್ದರು. ಕಾರು ಎದ್ದು ಕೂರುವ ರೀತಿಯಲ್ಲಿ ಅವರಿಗೆ ಏನೋ ತಿಳಿಯುತ್ತಿತ್ತು. ಬೇರೆಯವರು ಹೇಳಿದ ಅಳತೆಯನ್ನು ತಾವೇ ಬಗ್ಗಿ ನೋಡದೆ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ರೇಸು ನಡೆಯುವಾಗ ಟ್ರ್ಯಾಕಿನ ಕಡೆ ನೋಡುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತು ಕೇಳಿಸಿಕೊಳ್ಳುತ್ತಿದ್ದರು. “ಕಣ್ಣಿಗೆ ಬಣ್ಣ ಕಾಣ್ತದೆ, ಕಿವಿಗೆ ಗಾಡಿ ಕಾಣ್ತದೆ” ಎನ್ನುವುದು ಅವರ ಮಾತು.

ಆ ಮುಂಬಯಿ ಡ್ರೈವರು ಒಮ್ಮೆ ಟ್ರ್ಯಾಕಿನಲ್ಲಿ ತನ್ನ ಕಾರು ನಿಧಾನ, ಬೇರೆಯವರದು ವೇಗ ಎಂದು ಬೆಳಗ್ಗೆಯಿಂದ ಜಗಳ ತೆಗೆದಿದ್ದ. ಮೇಸ್ತ್ರಿ ಕಾರನ್ನು ಅಲ್ಲಿನ ಗ್ಯಾರೇಜಿನ ಹಿಂದಕ್ಕೆ ತಳ್ಳಿಸಿಕೊಂಡು ಹೋದರು. ಅರ್ಧ ಗಂಟೆ ಬಿಟ್ಟು ಹೊಳೆಯುವ ಕಾರನ್ನು ತಂದು ನಿಲ್ಲಿಸಿದರು. ಅವನು ಎರಡು ಸುತ್ತು ಓಡಿಸಿ ಬಂದ, ಮುಖ ಅರಳಿತ್ತು. ಈಗ ಸರಿಯಾಗಿದೆ, ಏನು ಮಾಡಿದಿರಿ ಎಂದು ಹಿಂದಿಯಲ್ಲಿ ಕೇಳಿದ.

“ತೊಳ್ದೆ,” ಎಂದರು ಮೇಸ್ತ್ರಿ.

ನಾನು ಅನುವಾದಿಸಿದೆ. ಅವನು ನಂಬಲಿಲ್ಲ. “ಇನ್ನೇನು ಮಾಡಿದಿರಿ?”

“ನಾನು ಟೀ ಕುಡ್ದೆ. ಅದೂ ಹೇಳಮ್ಮ ಅವ್ನಿಗೆ.”

ಅವನು ಮೊದಲು ಕೆಂಪಾಗಿ, ಆಮೇಲೆ ಹೊಟ್ಟೆ ಹಿಡಿದು ನಕ್ಕ. ಅಂದಿನಿಂದ ಕಾರಿನ ಬಗ್ಗೆ ದೂರು ಹೇಳಲಿಲ್ಲ.

ನಾನು ಹೇಳಬೇಕೆಂದಿರುವುದು ಮೂರು ವರ್ಷದ ಹಿಂದಿನ ಸೀಸನ್ನಿನದು. ಆ ವರ್ಷ ಹನ್ನೊಂದನೇ ನಂಬರಿನ ಚೀಟಿ ಎತ್ತಿದವಳು ಶಿರೀಷಾ. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನ ಹುಡುಗಿ, ಇಪ್ಪತ್ತೆರಡು ವರ್ಷ. ಅವರದು ಮಾವಿನ ತೋಟ. ಕಾಲು ಬ್ರೇಕಿಗೆ ಎಟುಕುವ ಮೊದಲೇ ತೋಟದೊಳಗೆ ಟ್ರ್ಯಾಕ್ಟರ್ ಓಡಿಸಿದವಳು, ಸುಗ್ಗಿಯಲ್ಲಿ ಹಣ್ಣು ತುಂಬಿದ ಪಿಕಪ್ಪನ್ನು ಮಂಡಿಗೆ ತಾನೇ ತರುತ್ತಿದ್ದವಳು. ಹೊಸ ಡ್ರೈವರುಗಳನ್ನು ಹುಡುಕುವ ಆಯ್ಕೆಗೆ ಯಾರೋ ಗೆಳತಿ ಫಾರಂ ತುಂಬಿಸಿದ್ದಳು. ನಾನೂರು ಜನರಲ್ಲಿ ಆರಿಸಿದ ಕೆಲವರಲ್ಲಿ ಇವಳೂ ಒಬ್ಬಳು.

ಶೆಡ್ಡಿಗೆ ಬಂದ ಮೊದಲ ದಿನ ಮೇಸ್ತ್ರಿ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ. “ಪಿಕಪ್‌ನಲ್ಲಿ ಹಣ್ಣು ತರ್ವಾಗ ಎಷ್ಟು ನಜ್ಜಾಗ್ತಿದ್ವು?”

“ಒಂದೂ ಇಲ್ಲ. ನಜ್ಜಾದ್ರೆ ನಮ್ಮಪ್ಪ ಬಿಡ್ತಾರಾ?”

“ಸರೇ. ಯಲ್ದೂರು ಓಡಿಸ್ತದೆ,” ಎಂದು ನಮ್ಮ ಕಡೆ ತಿರುಗಿ ಹೇಳಿದರು. ನಮ್ಮ ಜಿಲ್ಲೆಯವಳು ಎಂಬ ಅಭಿಮಾನ ಅವರಿಗೂ ಇತ್ತು, ಅದನ್ನು ಮುಚ್ಚಿಡಲು ಅವಳ ಮೇಲೆ ಉಳಿದವರಿಗಿಂತ ಹೆಚ್ಚು ರೇಗುತ್ತಿದ್ದರು. ಮಧ್ಯಾಹ್ನ ತಮ್ಮ ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದು ಅವಳ ತಟ್ಟೆಗೆ ಹಾಕುವಾಗಲೂ ರೇಗುತ್ತಲೇ ಹಾಕುತ್ತಿದ್ದರು.

ಮೊದಲ ಎರಡು ರೌಂಡಿನಲ್ಲಿ ಅವಳು ಆರನೆಯವಳೋ ಏಳನೆಯವಳೋ ಆಗಿ ಬರುತ್ತಿದ್ದಳು. ಎರಡನೇ ರೌಂಡಿನ ಕೊನೆಯ ರೇಸಿನಲ್ಲಿ ಹಿಂದಿನಿಂದ ಬಂದವನೊಬ್ಬ ಗುದ್ದಿ, ಹನ್ನೊಂದನೇ ಕಾರಿನ ಹಿಂಭಾಗ ಜಖಂ ಆಯಿತು. ಅವಳಿಗೇನೂ ಆಗಲಿಲ್ಲ. ಮಾಲೂರಿಗೆ ಬಂದ ಮೇಲೆ ಹಿಂದಿನ ಎರಡೂ ಚಕ್ರಗಳ ಜೋಡಣೆಯನ್ನು ಹೊಸದಾಗಿ ಮಾಡಬೇಕಾಯಿತು. ಎಲ್ಲ ಕಾರುಗಳ ಕೆಲಸ ಮುಗಿಸಿ, ಇದೊಂದು ಉಳಿದಿತ್ತು. ಲಾರಿ ಮಧ್ಯಾಹ್ನ ಹೊರಡಬೇಕು.

ಅವತ್ತು ಬೆಳಗ್ಗೆ ಹತ್ತರ ಹೊತ್ತಿಗೆ ನಮ್ಮಮ್ಮನ ಫೋನು ಬಂತು. “ಹುಳ ಹಣ್ಣಾಗವೆ ಕಣೇ. ಎಲ್ಲಾ ಒಂದೇ ಸಲಕ್ಕೆ. ಚಂದ್ರಿಕೆಗೆ ಬಿಡೋಕೆ ಕೈ ಸಾಲ್ದು. ಬೇಗ ಬಾ.” ಹಣ್ಣಾದ ರೇಷ್ಮೆ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟಿಗೆ ಬಿಡಬೇಕು, ಅದು ಯಾರಿಗೂ ಕಾಯುವುದಿಲ್ಲ. ನಾನು ಆಗಲೇ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದೆ. ಅಷ್ಟರಲ್ಲಿ ಮೇಸ್ತ್ರಿ ಕಾರಿನ ಕೆಳಗಿನಿಂದ ಕೂಗಿದರು: “ಹುತ್ತೂರಮ್ಮ, ಹಿಂದಿನ ಸ್ಪ್ರಿಂಗು ಎರಡು!”

ಸ್ಟೋರಿನಲ್ಲಿ ಎರಡು ಬಗೆಯ ಸ್ಪ್ರಿಂಗುಗಳಿದ್ದವು. ರೇಸಿಗೆ ಬಳಸುವವಕ್ಕೆ ಬಿಳಿ ಬಣ್ಣದ ಗುರುತು. ಸೀಸನ್ನಿಗೆ ಮುಂಚೆ ಪರೀಕ್ಷೆ ಮಾಡಿ ನೋಡಲು ಕಂಪನಿ ಕಳಿಸಿದ್ದ, ತುಸು ಹೆಚ್ಚು ಗಡುಸಾದ, ತಿರುವಿನಲ್ಲಿ ಕಾರು ಕಡಿಮೆ ವಾಲುವಂತೆ ಮಾಡುವ ಇನ್ನೊಂದು ಜೊತೆಗೆ ಹಳದಿ ಗುರುತು. ಆ ಜೊತೆಯನ್ನು ಎಂದೋ ವಾಪಸು ಕಳಿಸಬೇಕಾಗಿತ್ತು, ನಾನು ಕಳಿಸಿರಲಿಲ್ಲ. ಧೂಳು ಕೂತ ಬಿಳಿ ಮತ್ತು ಮಾಸಿದ ಹಳದಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ. ಕಟ್ಟಿದ್ದ ಚೀಟಿಯನ್ನು ಓದಿದ್ದರೆ ಗೊತ್ತಾಗುತ್ತಿತ್ತು. ನಾನು ಓದಲಿಲ್ಲ. ಕೈಗೆ ಸಿಕ್ಕಿದ ಎರಡನ್ನು ಅವರ ಪಕ್ಕದಲ್ಲಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದೆ. ಅವರೂ ಆತುರದಲ್ಲಿದ್ದರು, ನೋಡದೆ ಹಾಕಿದರು.

ಮೂರನೇ ರೌಂಡಿನಲ್ಲಿ ಶಿರೀಷಾ ಮೂರು ರೇಸಿನಲ್ಲಿ ಎರಡನ್ನು ಗೆದ್ದಳು. ಇನ್ನೊಂದರಲ್ಲಿ ಎರಡನೆಯವಳಾದಳು. ಪಾಯಿಂಟಿನ ಪಟ್ಟಿಯಲ್ಲಿ ಒಂದೇ ಜಿಗಿತಕ್ಕೆ ಮೇಲೆ ಬಂದು ನಿಂತಳು. ಶ್ರೀನಿವಾಸಪುರದಲ್ಲಿ ಅವಳ ಫೋಟೋದ ಬ್ಯಾನರ್ ಕಟ್ಟಿದರು. ಅವಳು ಕಪ್ಪು ಹಿಡಿದುಕೊಂಡು ಶೆಡ್ಡಿಗೆ ಬಂದು, ಎಲ್ಲರಿಗೂ ಕೋಲಾರದಿಂದ ತಂದ ಮೈಸೂರುಪಾಕು ಹಂಚಿ, ಮೇಸ್ತ್ರಿಯ ಕಾಲಿಗೆ ಬಿದ್ದಳು. “ಇನ್ನೊಂದು ರೌಂಡ್ ಮೇಸ್ತ್ರಿ. ಒಂದೇ ಒಂದು.”

ಅವಳು ಹೋದ ಎರಡನೇ ದಿನ ಮಧ್ಯಾಹ್ನ, ಊಟ ಮುಗಿಸಿ ಬರುತ್ತಿದ್ದ ಮೇಸ್ತ್ರಿ ಹನ್ನೊಂದನೇ ಕಾರನ್ನು ಅದುಮಿದರು. ಮುಂದಕ್ಕೆ ಹೋದವರು ಹಿಂದಕ್ಕೆ ಬಂದು ಇನ್ನೊಮ್ಮೆ ಅದುಮಿದರು. ಪಕ್ಕದ ಕಾರನ್ನು ಅದುಮಿದರು. ಮತ್ತೆ ಇದನ್ನು. ಆಮೇಲೆ ಜಾಕಿ ಕೊಟ್ಟು ತಾವೇ ಸ್ಪ್ರಿಂಗುಗಳನ್ನು ಬಿಚ್ಚಿ, ಬಟ್ಟೆಯಿಂದ ಒರೆಸಿ, ಬಾಗಿಲ ಬೆಳಕಿಗೆ ಹಿಡಿದರು. ನಾನು ನೋಡುತ್ತಲೇ ಇದ್ದೆ. ಹಳದಿ ಗುರುತು ನನಗೂ ಕಂಡಿತು.

“ಮೇಸ್ತ್ರಿ, ಚೀಟಿ ನೋಡ್ಲಿಲ್ಲ ನಾನು...”

“ನಾನೂ ನೋಡ್ಲಿಲ್ಲ.”

ಉಳಿದವರು ಇನ್ನೂ ಊಟದಿಂದ ಬಂದಿರಲಿಲ್ಲ. ಟ್ರ್ಯಾಕಿನಲ್ಲಿ ತಪಾಸಣೆ ಮಾಡುವವರು ಇಂಜಿನ್ನಿನ ಸೀಲು, ತೂಕ, ಎತ್ತರ ನೋಡುತ್ತಾರೆ. ಅವೆಲ್ಲ ಸರಿಯಾಗಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ನಾನು ತಗ್ಗಿದ ದನಿಯಲ್ಲಿ ಹೇಳಿದೆ: “ಬಿಳೀದು ಹಾಕ್ಬಿಡೋಣ ಮೇಸ್ತ್ರಿ. ಮುಂದಿನ ರೌಂಡಿಗೆ ಸರಿ ಇದ್ರಾಯ್ತಲ್ಲ. ಯಾರಿಗೂ ಗೊತ್ತಾಗಲ್ಲ. ಪಾಪ, ನಮ್ಮ ಹುಡುಗಿ.”

ಅವರು ಸ್ಪ್ರಿಂಗನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ಆ ಮಾತು ಅವರ ಮನಸ್ಸಿಗೆ ಬರಲೇ ಇಲ್ಲ ಎಂದು ನಾನು ಹೇಳಲಾರೆ. ಬಂದಿತ್ತು, ಮುಖದ ಮೇಲೆ ಕಾಣುತ್ತಿತ್ತು.

“ನಮ್ಮ ಹುಡ್ಗಿ ಅಂತಾನೇ ಕಷ್ಟ ಆಗ್ತಿರೋದು,” ಎಂದರು ಕೊನೆಗೆ. “ಬೇರೆ ಯಾರ್ದಾದ್ರೂ ಗಾಡಿ ಆಗಿದ್ರೆ ಇಷ್ಟೊತ್ತಿಗೆ ಬೆಂಗ್ಳೂರ್ ಸಾರ್‌ಗೆ ಫೋನ್ ಮಾಡಿರ್ತಿದ್ದೆ.” ಎದ್ದು ಟವಲ್ಲು ಕೊಡವಿದರು. “ಮೊದ್ಲು ಅವ್ಳಿಗೆ ಹೇಳ್ಬೇಕು. ಫೋನಲ್ಲಿ ಅಲ್ಲ. ನಡಿ.”

ಮಾರನೆಯ ಬೆಳಗ್ಗೆ ಕೋಲಾರದಲ್ಲಿ ಸೇರಿ, ಶ್ರೀನಿವಾಸಪುರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಒಂದೇ ಸಲ. ಬಸ್ಸಿನ ಗೇರುಬಾಕ್ಸಿನಲ್ಲಿ ಏನೋ ಶಬ್ದವಿದೆ ಎಂದು ಕಂಡಕ್ಟರಿಗೆ ಹೇಳಿದರು.

ತೋಟದಲ್ಲಿ ಹಣ್ಣಿನ ಕಾಲ ಮುಗಿದು ತಿಂಗಳುಗಳಾಗಿದ್ದವು. ಮರಗಳ ಸಾಲಿನ ನಡುವೆ ಶಿರೀಷಾ ಟ್ರ್ಯಾಕ್ಟರಿನಲ್ಲಿ ಉಳುತ್ತಿದ್ದಳು. ಅವರಪ್ಪ ನಮ್ಮನ್ನು ನೋಡಿ ಸಂಭ್ರಮದಿಂದ ಮಂಚ ಎಳೆದು ಹಾಕಿ, “ರಾ ಅನ್ನಾ, ಕೂರ್ಚೋ,” ಎಂದು ತೆಲುಗಿನಲ್ಲಿ ಉಪಚರಿಸಿದರು. ಮೇಸ್ತ್ರಿ ಕೂರಲಿಲ್ಲ. ಚೀಲದಿಂದ ಎರಡು ಸ್ಪ್ರಿಂಗುಗಳನ್ನು ತೆಗೆದು ಮಂಚದ ಮೇಲಿಟ್ಟರು. ಒಂದು ಬಿಳಿ, ಒಂದು ಹಳದಿ. ಶಿರೀಷಾ ಟ್ರ್ಯಾಕ್ಟರ್ ಆರಿಸಿ ಇಳಿದು ಬಂದಳು. ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಒಂದನ್ನು ಬಿಟ್ಟು. ಸ್ಟೋರಿನಿಂದ ಅದನ್ನು ಯಾರು ತಂದುಕೊಟ್ಟರು ಎಂಬುದನ್ನು ಹೇಳಲಿಲ್ಲ.

ಅವಳಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಕೇಳಿದಳು: “ಈಗ ಏನ್ಮಾಡ್ತೀರಿ?”

“ರೇಸ್ ಕಮಿಟಿಗೆ ಹೇಳ್ತೀನಿ.”

“ನನ್ನ ಪಾಯಿಂಟು?”

“ಹೋಗ್ತವೆ.”

“ತಪ್ಪು ಮಾಡಿದ್ದು ನೀವು! ನಾನೇನ್ ಮಾಡ್ದೆ? ನಿಮ್ಮ ತಪ್ಪಿಗೆ ನನ್ನ ಪಾಯಿಂಟ್ ಯಾಕೆ ಹೋಗ್ಬೇಕು ಮೇಸ್ತ್ರಿ?”

“ಹೋಗ್ಬಾರ್ದಮ್ಮ. ನ್ಯಾಯವಾಗಿ ಹೋಗ್ಬಾರ್ದು. ಆದ್ರೆ ಹೋಗ್ತವೆ.” ಅವರ ಕಣ್ಣು ಹಳದಿ ಸ್ಪ್ರಿಂಗಿನ ಮೇಲಿತ್ತು. “ಗೆದ್ದಿದ್ದು ನೀನಾ, ಇದಾ? ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಗೊತ್ತಿಲ್ದೇ ಇರೋ ಕಪ್ಪನ್ನ ಮನೇಲಿ ಎಲ್ಲಿಡ್ತೀಯ?”

“ನನ್ ಕಪ್ಪು, ಎಲ್ಲಾದ್ರೂ ಇಟ್ಕೋತೀನಿ,” ಎಂದು ಅಳುತ್ತ, ಮತ್ತೆ ಟ್ರ್ಯಾಕ್ಟರ್ ಹತ್ತಿ ಹೊರಟುಹೋದಳು. ಅವರಪ್ಪ ನಮ್ಮಿಬ್ಬರನ್ನೂ ಊಟ ಮಾಡದೆ ಬಿಡಲಿಲ್ಲ. ಆದರೆ ಊಟದುದ್ದಕ್ಕೂ ಆ ಟ್ರ್ಯಾಕ್ಟರಿನ ಸದ್ದು ದೂರದಲ್ಲಿ ಕೇಳುತ್ತಿತ್ತು.

ಕಮಿಟಿಯ ಮುಂದೆ ವಿಚಾರಣೆ ನಡೆದದ್ದು ಬೆಂಗಳೂರಿನ ಒಂದು ಕಚೇರಿಯಲ್ಲಿ. ಸ್ಟೋರಿನ ಫೈಲುಗಳನ್ನು ಹಿಡಿದುಕೊಂಡು ನಾನೂ ಹೋಗಿದ್ದೆ. ಮೇಸ್ತ್ರಿ ಹೇಳಿದ್ದನ್ನೆಲ್ಲ ಬರೆದುಕೊಂಡು, ಅವರಲ್ಲೊಬ್ಬರು ಕೇಳಿದರು: “ಸ್ಟೋರಿನಿಂದ ಆ ಸ್ಪ್ರಿಂಗ್ ಕೊಟ್ಟವರು ಯಾರು?”

“ಯಾರು ಕೊಟ್ರು ಅಂತ ಕೇಳ್ಬ್ಯಾಡಿ ಸಾರ್. ಯಾರು ಹಾಕಿದ್ರು ಅಂತ ಕೇಳಿ. ನೋಡ್ದೆ ಹಾಕಿದ್ದು ನಾನು. ಬರ್ಕೊಳ್ಳಿ.”

ನಾನು ಅದೇ ಕೋಣೆಯಲ್ಲಿ, ಅವರಿಂದ ಎರಡು ಕುರ್ಚಿ ಆಚೆ ಕೂತಿದ್ದೆ. ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಫೈಲಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ.

ತೀರ್ಪು ನಾವು ಅಂದುಕೊಂಡಂತೆಯೇ ಬಂತು. ಹನ್ನೊಂದನೇ ಕಾರಿನ ಮೂರನೇ ರೌಂಡಿನ ಪಾಯಿಂಟುಗಳೆಲ್ಲ ರದ್ದು. ಶಿರೀಷಾ ಪಟ್ಟಿಯಲ್ಲಿ ಎಂಟನೆಯವಳಾದಳು. ಮೇಸ್ತ್ರಿ ಕೊನೆಯ ರೌಂಡಿಗೆ ಹೋಗಬಹುದು, ಆದರೆ ಯಾವ ಕಾರನ್ನೂ ಮುಟ್ಟುವಂತಿಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ನಾನು ಅತ್ತೆ. “ನನ್ನ ಹೆಸ್ರು ಯಾಕೆ ಹೇಳ್ಲಿಲ್ಲ ಮೇಸ್ತ್ರಿ?”

“ನೀನು ಹೇಳ್ಬೇಕಾದ್ದನ್ನ ನಾನು ಹೇಳಿದ್ರೆ ಅದು ಚಾಡಿ ಆಗ್ತದೆ,” ಎಂದು ಕಿಟಕಿಯ ಕಡೆ ತಿರುಗಿದರು. ಅಷ್ಟೇ. ಮುಂದೆ ಎಂದೂ ಆ ವಿಷಯ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಡಿಸೆಂಬರಿನ ಕೊನೆಯ ರೌಂಡು ಮೂರನೇ ರೌಂಡು ನಡೆದ ಟ್ರ್ಯಾಕಿನಲ್ಲೇ ಇತ್ತು. ಮೇಸ್ತ್ರಿ ನಮ್ಮ ಜೊತೆ ಬಂದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾರುಗಳಿಂದ ದೂರ ನಿಂತಿದ್ದರು. ಇಪ್ಪತ್ತು ಕಾರುಗಳ ಎದುರು ಬರಿಗೈಯಲ್ಲಿ ನಿಂತ ಅವರನ್ನು ನೋಡಲಿಕ್ಕಾಗುತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಡ್ರೈವರುಗಳ ಸಭೆ. ಶಿರೀಷಾ ಅವತ್ತಿನವರೆಗೂ ಮೇಸ್ತ್ರಿಯ ಮುಖ ನೋಡಿರಲಿಲ್ಲ. ಸಭೆಯಲ್ಲಿ ಎದ್ದು ನಿಂತಳು. “ನನ್ನ ಕಾರನ್ನ ಮೇಸ್ತ್ರಿಯೇ ಅಳೀಬೇಕು. ಅವ್ರು ಅಳೀದೇ ಇದ್ರೆ ನಾನು ಓಡ್ಸಲ್ಲ,” ಎಂದಳು.

ಎಲ್ಲರೂ ತಬ್ಬಿಬ್ಬಾದರು. ಮ್ಯಾನೇಜರು, “ಅವರ ತಪ್ಪಿನಿಂದಲೇ ಅಲ್ಲವೇನಮ್ಮ ನಿನಗೆ ನಷ್ಟವಾದದ್ದು?” ಎಂದರು.

“ಹೌದು. ಸಿಟ್ಟು ನಂಗಿನ್ನೂ ಇಳ್ದಿಲ್ಲ. ಆದ್ರೆ ಈ ಸಲ ನಾನು ಗೆದ್ರೆ ಯಾರೂ ಕಮಕ್ ಕಿಮಕ್ ಅನ್ಬಾರ್ದು. ತನ್ನ ತಪ್ಪನ್ನ ತಾನೇ ಹೋಗಿ ಹೇಳ್ದವ್ರು ಇಲ್ಲಿ ಇನ್ಯಾರಿದಾರೆ? ಅವ್ರು ಅಳದ್ರೇನೇ ನಾನು ನಂಬೋದು.”

ಆಮೇಲೆ ಆ ಮುಂಬಯಿ ಡ್ರೈವರು ಕೈ ಎತ್ತಿದ. ಈಗ ಪಟ್ಟಿಯಲ್ಲಿ ಮೊದಲಿಗನಾಗಿದ್ದವನು ಅವನೇ. ನನ್ನದನ್ನೂ ಮಿಸ್ಟರ್ ಮೇಸ್ತ್ರಿಯೇ ಅಳೆಯಲಿ ಎಂದ. ಒಬ್ಬೊಬ್ಬರಾಗಿ ಹತ್ತೊಂಬತ್ತು ಕೈ ಎದ್ದವು. ಇಪ್ಪತ್ತನೆಯವನು ನಿದ್ದೆಗೆಟ್ಟು ತೂಕಡಿಸುತ್ತಿದ್ದ, ಪಕ್ಕದವನು ಅವನ ಕೈಯನ್ನೂ ಎತ್ತಿ ಹಿಡಿದ. ಕಮಿಟಿಯವರು ಹೊರಗೆ ಹೋಗಿ ಮಾತಾಡಿಕೊಂಡು ಬಂದು, ಆಗಲಿ ಎಂದರು.

ಆ ದಿನವಿಡೀ ಮೇಸ್ತ್ರಿ ಇಪ್ಪತ್ತು ಕಾರುಗಳನ್ನೂ ಅಳೆದರು. ಹನ್ನೊಂದನೆಯದನ್ನು ಅಳೆಯುವಾಗ ಶಿರೀಷಾ ಕೈಕಟ್ಟಿ ನಿಂತು ನೋಡುತ್ತಿದ್ದಳು. ಇಬ್ಬರ ನಡುವೆ ಒಂದು ಮಾತೂ ಆಗಲಿಲ್ಲ.

ಮೊದಲ ರೇಸಿನಲ್ಲಿ ಆರಂಭ ಕೆಟ್ಟು ಅವಳು ನಾಲ್ಕನೆಯವಳಾದಳು. ಎರಡನೆಯದನ್ನು ಗೆದ್ದಳು, ಹಿಂದಿನವನು ಕಣ್ಣಿಗೆ ಸಿಗದಷ್ಟು ಮುಂದಾಗಿ ಗೆದ್ದಳು. ಸುತ್ತುಗಳ ಸಮಯದ ಹಾಳೆಯನ್ನು ಬೋರ್ಡಿಗೆ ಅಂಟಿಸಿದಾಗ ನಾನು ಓಡಿಹೋಗಿ ನೋಡಿದೆ. ಅವಳ ಅತಿ ವೇಗದ ಸುತ್ತು ಮೂರನೇ ರೌಂಡಿನ ಅವಳದೇ ಸುತ್ತಿಗಿಂತ ಕಡಿಮೆ ಸಮಯದ್ದು. ಹಳದಿ ಸ್ಪ್ರಿಂಗು ಇಲ್ಲದೆ ಅವಳು ಇನ್ನೂ ಬೇಗ ಬಂದಿದ್ದಳು. ಅದರ ಪ್ರತಿಯನ್ನೂ ನನ್ನ ಫೈಲಿನಲ್ಲಿದ್ದ ಮೂರನೇ ರೌಂಡಿನ ಹಾಳೆಯನ್ನೂ ತಂದು ಮೇಸ್ತ್ರಿಯ ಕೈಗಿಟ್ಟೆ. ಅವರು ಬೆರಳಿಟ್ಟು ಎರಡು ಸಲ ನೋಡಿದರು. ಟವಲ್ಲಿನಿಂದ ಮುಖ ಒರೆಸಿಕೊಂಡರು. ಮುಖ ಒರೆಸುವ ಕೆಲಸ ಬಹಳ ಹೊತ್ತು ನಡೆಯಿತು.

“ಯಲ್ದೂರಿಗೆ ಕೊಡು. ನಾನು ಕೊಟ್ರೆ ಮಾತಾಡ್ಬೇಕಾಗ್ತದೆ.”

ಕೊಟ್ಟೆ. ಅವಳು ನಿಂತಲ್ಲೇ ಓದಿದಳು. ಹೆಲ್ಮೆಟ್ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದು ಮೇಸ್ತ್ರಿಯ ಎದುರು ನಿಂತಳು. ಕ್ಷಮೆ, ಕೃತಜ್ಞತೆ ಇಂಥದ್ದೇನೋ ನಡೆಯುತ್ತದೆ ಎಂದು ನಾವೆಲ್ಲ ಉಸಿರು ಹಿಡಿದಿದ್ದೆವು.

“ಮೇಸ್ತ್ರಿ, ಹಿಂದಗಡೆ ಬಲಕ್ಕೆ ಏನೋ ಕಟಕಟ ಅಂತಿದೆ.”

“ಗೊತ್ತು. ಮಡ್‌ಗಾರ್ಡ್ ಕ್ಲಿಪ್ಪು ಅದು. ಮೂರನೇ ಸುತ್ತಿನಿಂದ ಅಂತೈತೆ. ತಗೊಂಬಾ ಗಾಡೀನ, ಏನ್ ನೋಡ್ತಾ ನಿಂತಿದೀಯ!”

ಕೊನೆಯ ರೇಸಿನಲ್ಲಿ ಅವಳು ಮುಂಬಯಿಯವನ ಬಾಲ ಹಿಡಿದು ಎರಡನೆಯವಳಾಗಿ ಬಂದಳು. ಚಾಂಪಿಯನ್ ಆದವನು ಅವನು. ಒಟ್ಟು ಪಟ್ಟಿಯಲ್ಲಿ ಇವಳು ಮೂರನೆಯವಳು. ಮುಂದಿನ ವರ್ಷ ಎರಡನೆಯವಳಾದಳು. ಚಾಂಪಿಯನ್ ಆಗಲಿಲ್ಲ. ಈಗ ಹೊಸದಾಗಿ ಆಯ್ಕೆಯಾಗಿ ಬರುವ ಹುಡುಗ ಹುಡುಗಿಯರಿಗೆ ಅವಳೇ ಓಡಿಸುವುದನ್ನು ಹೇಳಿಕೊಡುತ್ತಾಳೆ. ಅವಳ ತರಬೇತಿಯಲ್ಲಿ ಅಳು ಬಂದವರು ಬಹಳ ಜನ ಇದ್ದಾರೆ, ಬಿಟ್ಟುಹೋದವರು ಕಡಿಮೆ.

ಕಳೆದ ತಿಂಗಳು ಮೇಸ್ತ್ರಿ ನಿವೃತ್ತರಾದರು. ಮೊಣಕಾಲು ಮಡಚಲಾಗುವುದಿಲ್ಲ, ಕಾರಿನ ಕೆಳಗೆ ಮಲಗಿದರೆ ಎಬ್ಬಿಸಲು ಇಬ್ಬರು ಬೇಕು ಎಂದು ಅವರೇ ಹೇಳಿಕೊಂಡು ಬಿಟ್ಟರು. ಶೆಡ್ಡಿನಲ್ಲೇ ಎಲೆ ಹಾಕಿ ಊಟ ಇಟ್ಟುಕೊಂಡಿದ್ದೆವು. ಊಟಕ್ಕೆ ಮುಂಚೆ ಎಲ್ಲರೂ ಎರಡೆರಡು ಮಾತಾಡಿದರು. ಶಿರೀಷಾ ಯಲ್ದೂರಿನ ತೋಟದ ಕತೆಯನ್ನೇ ನಗಿಸುತ್ತ ಹೇಳಿದಳು. “ಅವತ್ತು ಇವರ ಮೇಲೆ ಟ್ರ್ಯಾಕ್ಟರ್ ಹತ್ತಿಸಬೇಕು ಅನ್ನಿಸಿತ್ತು,” ಎಂದಳು. ಮೇಸ್ತ್ರಿ ಕೆಳಗೆ ನೋಡಿಕೊಂಡು ನಗುತ್ತಿದ್ದರು.

ನನ್ನ ಸರದಿ ಬಂತು. ಅವರಿಂದ ಏನೇನು ಕಲಿತೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೆ. ಮೊದಲ ಸಾಲಿನ ಮೇಲೆ ಕಣ್ಣಾಡಿಸಿದೆ. ಹಾಳೆಯನ್ನು ಮಡಚಿದೆ.

“ಆ ಸ್ಪ್ರಿಂಗು ತಂದುಕೊಟ್ಟವಳು ನಾನು,” ಎಂದೆ. “ಚೀಟಿ ಓದದೆ ಕೊಟ್ಟೆ. ಕಮಿಟಿಯವರು ಕೇಳಿದಾಗ ಸುಮ್ಮನೆ ಕೂತಿದ್ದೆ. ಮೂರು ವರ್ಷ ಸುಮ್ಮನೇ ಇದ್ದೆ. ಶಿರೀಷಾ, ನೀನು ಕಳಕೊಂಡದ್ದರಲ್ಲಿ ಅರ್ಧ ನನ್ನ ಲೆಕ್ಕ.”

ಮ್ಯಾನೇಜರು ನನ್ನ ಮುಖವನ್ನೂ ಮೇಸ್ತ್ರಿಯ ಮುಖವನ್ನೂ ನೋಡಿದರು. ಶಿರೀಷಾ ಎದ್ದು ಬಂದಳು. ಅವಳ ಮೂಗಿನ ತುದಿ ಕೆಂಪಾಗಿತ್ತು. “ಮೂರು ವರ್ಷ ಬೇಕಾಯ್ತಾ ಅಕ್ಕ?” ಎಂದಳು. ಅದರಲ್ಲಿ ಸಿಟ್ಟಿತ್ತು. ನನಗೆ ಸಲ್ಲಬೇಕಾದ ಸಿಟ್ಟು, ಇಷ್ಟು ದಿನ ಬೇರೊಬ್ಬರು ಹೊತ್ತುಕೊಂಡಿದ್ದು. ನಾನು ತಲೆಯಾಡಿಸಿದೆ. ಅವಳು ನನ್ನ ಕೈ ಹಿಡಿದು ಎಳೆದು ತನ್ನ ಪಕ್ಕದ ಎಲೆಯ ಮುಂದೆ ಕೂರಿಸಿದಳು. ಊಟ ಮುಗಿಯುವವರೆಗೆ ಮಾತಾಡಲಿಲ್ಲ, ಆದರೆ ನನ್ನ ಎಲೆಗೆ ಪಾಯಸ ಬಡಿಸದೆ ಹೋದವನನ್ನು ಕೂಗಿ ಕರೆದಳು.

ಊಟವಾದ ಮೇಲೆ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದರು. ಅವರು ಏನಾದರೂ ಹೇಳುತ್ತಾರೆಂದು ಕಾದೆ.

“ಮುಳಬಾಗಲ್ ಬಸ್ಸಿಗೆ ಇನ್ನೂ ಹೊತ್ತೈತೆ,” ಎಂದರು. “ಎಂಟನೇ ನಂಬರ್ ಗಾಡಿ ಮುಂದಿನ ಚಕ್ರ ಅಳೀಬೇಕಿತ್ತು. ಬಾ.”

ನಾನು ಒಳ್ಳೆಯ ಸೀರೆ ಉಟ್ಟಿದ್ದೆ. ಸೆರಗು ಸಿಕ್ಕಿಸಿಕೊಂಡು ಚಾಪೆ ಹಾಕಿ ಕಾರಿನ ಕೆಳಗೆ ತೂರಿದೆ. ಅವರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಅಳತೆಯ ಪುಸ್ತಕ ತೆರೆದು, ಪೆನ್ನು ಹಿಡಿದು ಕೂತರು. ನಾನು ಎಡಗಡೆಯ ಅಳತೆ ಹೇಳಿದೆ. ಬಲಗಡೆಯದನ್ನು ಹೇಳಿದೆ. ಅವರು ಬಗ್ಗಿ ನೋಡಲಿಲ್ಲ, ಇನ್ನೊಮ್ಮೆ ಹೇಳು ಎನ್ನಲೂ ಇಲ್ಲ. ನಾನು ಹೇಳಿದಂತೆಯೇ ಬರೆದುಕೊಂಡು, ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ಬಸ್‌ಸ್ಟ್ಯಾಂಡಿನ ಕಡೆ ನಡೆದರು.